ಕೋಳಿ ಕಂಪೆನಿಯದು, ಶೆಡ್ಡು ನಮ್ಮದು
ಒಬ್ಬರಿಗೇ ಕಟ್ಟುಬೀಳುವ ಕರಾರಿನ ವಿಚಾರ

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ತೋಟದಲ್ಲಿ ತೆಂಗಿನ ಬುಡಕ್ಕೆ ಪಾತಿ ಮಾಡಿಸುತ್ತಿದ್ದೆ. ನನ್ನ ಹಳೆಯ ಶಿಷ್ಯನೊಬ್ಬ ಬಂದು ನಿಂತ. ಕೈಯಲ್ಲಿ ನಾಲ್ಕು ಹಾಳೆಯ ಕರಾರುಪತ್ರ. ಎರಡು ಹಾಳೆ ತಮಿಳು, ಎರಡು ಹಾಳೆ ಇಂಗ್ಲಿಷು.

"ಮೇಷ್ಟ್ರೇ, ಕೋಳಿ ಶೆಡ್ಡು ಕಟ್ಟೋಣ ಅಂತಿದ್ದೀನಿ. ಮರಿ, ಫೀಡು, ಔಷಧಿ ಎಲ್ಲಾ ಕಂಪೆನಿಯವರೇ ಕೊಡ್ತಾರಂತೆ. ಬೆಳೆದ ಕೋಳೀನೂ ಅವರೇ ಹಿಡಕೊಂಡು ಹೋಗ್ತಾರಂತೆ. ಇನ್ನೊಬ್ಬರ ಮರಿ ಮಾತ್ರ ಶೆಡ್ಡಿಗೆ ಬಿಡಬಾರದಂತೆ. ರುಜು ಹಾಕಲೋ ಬೇಡವೋ, ನೀವೇ ಹೇಳಿ" ಎಂದ.

"ರುಜು ಹಾಕುವುದು ಆಮೇಲೆ. ಕಡೆಯ ಮಾತು ಹೇಳಿದೆಯಲ್ಲ, ಇನ್ನೊಬ್ಬರ ಮರಿ ಬಿಡಬಾರದು ಅಂತ, ಅದನ್ನು ಮೊದಲು ವಿಚಾರ ಮಾಡೋಣ, ಕೂತುಕೋ" ಎಂದೆ. ಅಂದು ಅವನೊಡನೆ ಆಡಿದ ಮಾತನ್ನೇ ಇಂದು ನಮ್ಮ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ರೈತ ಬಾಂಧವರ ಮುಂದೆ ಇಡುತ್ತಿದ್ದೇನೆ. ಪಲ್ಲಡಂ, ಉಡುಮಲೈಪೇಟೆ, ಪೊಳ್ಳಾಚಿ, ಸೂಲೂರು ಕಡೆಯಲ್ಲಿ ಇಂಥ ಕಾಗದಕ್ಕೆ ರುಜು ಹಾಕಿದ ಮನೆಗಳು ಬಹಳ. ಹಾಕಿದ ಮೇಲೆ ಓದಿದವರೂ ಬಹಳ.

ಹಳೆಯ ಮಂಡಿಯ ಕಟ್ಟು

ಒಬ್ಬನಿಗೇ ಕಟ್ಟುಬಿದ್ದು ವ್ಯವಹಾರ ಮಾಡುವುದು ನಮಗೆ ಹೊಸದಲ್ಲ. ನಮ್ಮ ತಂದೆ, ಅಜ್ಜಂದಿರು ಬಿತ್ತನೆಯ ಕಾಲಕ್ಕೆ ಮಂಡಿಯವನ ಹತ್ತಿರ ಮುಂಗಡ ತರುತ್ತಿದ್ದರು. ಮುಂಗಡ ತಂದ ಮೇಲೆ ಹತ್ತಿಯಾಗಲಿ, ಕಡಲೆಕಾಯಿಯಾಗಲಿ ಅವನ ಮಂಡಿಗೇ ಹೋಗಬೇಕು. ಪಕ್ಕದ ಮಂಡಿಯಲ್ಲಿ ಮೂಟೆಗೆ ನಾಲ್ಕು ಕಾಸು ಹೆಚ್ಚು ಸಿಕ್ಕರೂ ಗಾಡಿ ಆ ಕಡೆ ತಿರುಗಿಸುವಂತಿಲ್ಲ. ಮುಂಗಡಕ್ಕೆ ಬಡ್ಡಿ ಹಾಕಲಿಲ್ಲ ಎಂದು ಮಂಡಿಯವನು ಹೇಳುವನು. ಆ ಬಡ್ಡಿ ತೂಕದಲ್ಲಿಯೋ ಬೆಲೆಯಲ್ಲಿಯೋ ಸೇರಿಹೋಗಿರುವುದು.

ಆದರೂ ಆ ಕಟ್ಟಿನಲ್ಲಿ ರೈತನಿಗೆ ಉಪಯೋಗವೇ ಇರಲಿಲ್ಲವೆಂದು ಹೇಳಲಾಗದು. ಬ್ಯಾಂಕು ಹತ್ತಿರ ಸೇರಿಸದ ಕಾಲದಲ್ಲಿ ಬೀಜಕ್ಕೆ ಹಣ ಕೊಟ್ಟವನು ಆ ಮಂಡಿಯವನೇ. ಇಂಥ ಕಟ್ಟಿನಲ್ಲಿ ಅನುಕೂಲವೂ ಅಪಾಯವೂ ಒಂದೇ ಹಗ್ಗದ ಎರಡು ಎಳೆಗಳಂತೆ ಹೆಣೆದಿರುತ್ತವೆ. ಎರಡನ್ನೂ ಬಿಡಿಸಿ ನೋಡಬೇಕು.

ನಮ್ಮ ಸೀಮೆಯಲ್ಲಿ ಹುಟ್ಟಿದ ಪದ್ಧತಿ

ಕೋಳಿ ಸಾಕಣೆಯ ಈ ಕರಾರು ನಮ್ಮ ಸೀಮೆಯಲ್ಲೇ ಬೇರು ಬಿಟ್ಟು ಬೆಳೆದದ್ದು. 1980ರ ದಶಕದಲ್ಲಿ ಉಡುಮಲೈಪೇಟೆಯಲ್ಲಿ ಸೌಂದರರಾಜನ್, ಸುಂದರರಾಜನ್ ಎಂಬ ಅಣ್ಣತಮ್ಮಂದಿರು ಸುಗುಣ ಸಂಸ್ಥೆಯನ್ನು ತೊಡಗಿದರು. 1990ರ ದಶಕದ ಆರಂಭದಲ್ಲಿ ಆ ಸಂಸ್ಥೆ ಬೆರಳೆಣಿಕೆಯ ರೈತರೊಡನೆ ಕರಾರಿನ ಮೇಲೆ ಮಾಂಸದ ಕೋಳಿ ಸಾಕಿಸಲು ಹಿಡಿಯಿತು. ಮುಂದೆ ಬೇರೆ ಕಂಪೆನಿಗಳೂ ಅದೇ ದಾರಿ ಹಿಡಿದುವು. ಬಾವಿ ಬತ್ತಿದ ಮೆಟ್ಟು ಜಮೀನಿನ ರೈತನಿಗೆ ಅದು ಒಂದು ಆಸರೆಯೇ ಆಯಿತು. ಇಂದು ಪಲ್ಲಡಮಿನಿಂದ ಹೊರಡುವ ಕೋಳಿ ಬೆಲೆಯನ್ನು ದೂರದ ಊರುಗಳ ವ್ಯಾಪಾರಿಗಳೂ ದಿನವೂ ವಿಚಾರಿಸುತ್ತಾರೆ.

ಪದ್ಧತಿ ಹೀಗೆ. ಒಂದು ದಿನದ ಮರಿ, ಫೀಡು, ಔಷಧಿ, ಸೂಪರ್‌ವೈಸರು ಇವು ಕಂಪೆನಿಯವು. ಜಾಗ, ಶೆಡ್ಡು, ನೀರು, ಕರೆಂಟು, ನೆಲಕ್ಕೆ ಹಾಸುವ ತೆಂಗಿನ ನಾರಿನ ಪುಡಿ, ಹಗಲಿರುಳಿನ ದುಡಿಮೆ ಇವು ರೈತನವು. ಮೂವತ್ತೈದು ನಲವತ್ತು ದಿನಕ್ಕೆ ಕೋಳಿ ಸುಮಾರು ಎರಡು ಕಿಲೋ ತೂಗುತ್ತದೆ. ಕಂಪೆನಿ ಲಾರಿ ತಂದು ಹಿಡಿದುಕೊಂಡು ಹೋಗುತ್ತದೆ. ರೈತನಿಗೆ ಕಿಲೋಗೆ ಇಷ್ಟೆಂದು ಸಾಕಣೆ ಕೂಲಿ. ಎಷ್ಟು ಫೀಡಿಗೆ ಎಷ್ಟು ತೂಕ ಬಂತು, ಎಷ್ಟು ಮರಿ ಸತ್ತುವು ಎಂಬುದರ ಮೇಲೆ ಕೂಲಿ ಏರುವುದು, ಇಳಿಯುವುದು.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಕೋಳಿ ಮೊದಲಿಂದ ಕೊನೆಯವರೆಗೆ ಕಂಪೆನಿಯದು. ನಾವು ಕೋಳಿ ಮಾರುವವರಲ್ಲ; ಸಾಕಿಕೊಡುವವರು. ಮಾರುಕಟ್ಟೆಯಲ್ಲಿ ಬೆಲೆ ಏರಿತೆಂದು ನಾಲ್ಕು ಕೋಳಿ ಹೊರಗೆ ಮಾರಿದರೆ ಅದು ಪರರ ಸ್ವತ್ತನ್ನು ಮಾರಿದಂತೆ. ನಮ್ಮ ಕೈಯಲ್ಲಿ ಮಾರಲಿಕ್ಕೆ ಇರುವ ಸರಕು ಶೆಡ್ಡಿನ ಜಾಗ ಮತ್ತು ದುಡಿಮೆ. ಆ ಸರಕನ್ನು ಒಬ್ಬನಿಗೇ ಕೊಡಬೇಕೆಂಬುದೇ ಕರಾರಿನ ಕಟ್ಟು.

ಕಂಪೆನಿಯ ಪಕ್ಷದ ಮಾತು

ಕಂಪೆನಿ ಈ ಕಟ್ಟು ಕೇಳುವುದಕ್ಕೆ ನ್ಯಾಯವಾದ ಕಾರಣಗಳೂ ಉಂಟು. ಎರಡು ಕಂಪೆನಿಗಳ ಮರಿ ಒಂದೇ ಶೆಡ್ಡಿನಲ್ಲಿ ಬೆರೆತರೆ ರೋಗ ಎಲ್ಲಿಂದ ಬಂತೆಂದು ತಿಳಿಯದು. ಒಬ್ಬರ ಫೀಡು ಇನ್ನೊಬ್ಬರ ಕೋಳಿಯ ಹೊಟ್ಟೆಗೆ ಹೋದರೆ ಲೆಕ್ಕ ಕೂಡಿಬರದು. ಲಕ್ಷಗಟ್ಟಲೆ ರೂಪಾಯಿನ ಮರಿ, ಫೀಡನ್ನು ನಂಬಿ ಬಿಟ್ಟುಹೋದವನು ಭದ್ರತೆ ಕೇಳುವುದು ತಪ್ಪಲ್ಲ.

ರೈತನಿಗೂ ಲಾಭವಿದೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿದಾಗ ದೇಶದಲ್ಲೆಲ್ಲಾ ಕೋಳಿ ಕೇಳುವವರಿಲ್ಲವಾಯಿತು. 2020ರಲ್ಲಿ ಕೊರೋನಾ ಕಾಲದ ಸುಳ್ಳು ಸುದ್ದಿಯಿಂದ ಮತ್ತೊಮ್ಮೆ ಬೆಲೆ ನೆಲಕಚ್ಚಿತು. ಸ್ವಂತ ಮರಿ, ಸ್ವಂತ ಫೀಡು ಹಾಕಿದವನ ಕೈ ನೇರವಾಗಿ ಸುಟ್ಟಿತು. ಕರಾರಿನ ರೈತನಿಗೆ ಬೆಲೆ ಕುಸಿತದ ಮೊದಲ ಪೆಟ್ಟು ತಗಲದು, ಕೋಳಿ ಅವನದಲ್ಲವಷ್ಟೆ.

ಹಾಗಾದರೆ ಸಂಕಟ ಎಲ್ಲಿ?

ನನ್ನ ಅನುಭವವನ್ನೇ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಾನೂ ಐದು ಸಾವಿರ ಕೋಳಿ ಹಿಡಿಯುವ ಒಂದು ಶೆಡ್ಡು ಕಟ್ಟಿದೆ. ಕಂಪೆನಿಯ ಹೆಸರು ಬೇಡ. ಮೇಲೆ ಹೇಳಿದ ಸಂಸ್ಥೆಯಲ್ಲ. ಬ್ಯಾಂಕಿನ ಸಾಲ ಏಳು ವರ್ಷದ್ದು. ಕಂಪೆನಿಯ ಕರಾರು ಮಾತ್ರ ಒಂದು ಬ್ಯಾಚಿನದು! ಬ್ಯಾಚು ಮುಗಿದ ಮೇಲೆ ಮರಿ ಯಾವಾಗ ಬರುವುದೆಂಬ ಮಾತು ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಬೇರೆಯವರ ಮರಿ ಬಿಡಬಾರದೆಂಬ ಮಾತು ಮಾತ್ರ ಸ್ಪಷ್ಟವಾಗಿತ್ತು.

ಮಕ್ಕಳಿಗೆ ಕರಿಹಲಗೆಯ ಮೇಲೆ ಬರೆದಂತೆ ಲೆಕ್ಕ ಬರೆಯುತ್ತೇನೆ. ಅಂಕಿಗಳು ಲೆಕ್ಕದ ಸುಲಭಕ್ಕೆ ಹಿಡಿದವು. ತಾವು ತಮ್ಮ ಅಂಕಿ ಹಾಕಿಕೊಳ್ಳಿ.

ಮರಿ 5,000. ನೂರಕ್ಕೆ ಐದು ಸತ್ತರೆ ಉಳಿದದ್ದು 4,750. ತಲಾ 2 ಕಿಲೋ ಎಂದರೆ 9,500 ಕಿಲೋ. ಕಿಲೋಗೆ 6 ರೂಪಾಯಿ 50 ಪೈಸೆ ಕೂಲಿ ಹಿಡಿದರೆ ಬ್ಯಾಚಿಗೆ 61,750 ರೂಪಾಯಿ. ಸಾಕಲು 40 ದಿನ, ಶೆಡ್ಡು ತೊಳೆದು ಒಣಗಿಸಲು 20 ದಿನ, ಕೂಡಿ 60 ದಿನ. ವರ್ಷಕ್ಕೆ ಆರು ಬ್ಯಾಚು. ಒಟ್ಟು ಕೂಲಿ 3,70,500 ರೂಪಾಯಿ.

ಕಂಪೆನಿ ಮರಿ ಬಿಡುವುದನ್ನು ಒಂದೊಂದು ಸಲಕ್ಕೆ ಇನ್ನೊಂದು ತಿಂಗಳು ತಡಮಾಡಿತು ಎನ್ನಿ. 60 ದಿನ 90 ಆಯಿತು. ವರ್ಷಕ್ಕೆ ನಾಲ್ಕೇ ಬ್ಯಾಚು. ಕೂಲಿ 2,47,000 ರೂಪಾಯಿ. ಕಳೆದದ್ದು 1,23,500. ಇದರಲ್ಲಿ ಕರೆಂಟು, ನಾರಿನ ಪುಡಿ, ಆಳಿನ ಸಂಬಳ ಇನ್ನೂ ಕಳೆದಿಲ್ಲ. ಬ್ಯಾಂಕಿನ ಕಂತಾದರೋ ಹನ್ನೆರಡು ತಿಂಗಳಿಗೆ ಹನ್ನೆರಡೇ. ಖಾಲಿ ಶೆಡ್ಡಿನಲ್ಲಿ ಹುಲ್ಲು ಒಟ್ಟಬಹುದು, ಬೇರೇನೂ ಬೆಳೆಯಲಾಗದು.

ನನ್ನ ಶೆಡ್ಡಿಗೆ ಒಂದು ವರ್ಷ ನಾಲ್ಕೇ ಬ್ಯಾಚು ಬಂದುವು. ಪಕ್ಕದ ಊರಿಗೆ ಬರುತ್ತಿದ್ದ ಬೇರೊಂದು ಕಂಪೆನಿಯವರನ್ನು ಕೇಳಿದೆ. "ನೀವು ಅವರ ರೈತರಲ್ಲವೇ, ಅವರು ಬಿಟ್ಟೆವು ಎಂದು ಬರೆದುಕೊಟ್ಟರೆ ನೋಡೋಣ" ಎಂದರು. ಅವರು ಬರೆದುಕೊಡಲಿಲ್ಲ, ಇವರು ಮರಿ ಬಿಡಲಿಲ್ಲ. ಸಂಬಳದ ಹಣದಿಂದ ಕಂತು ಕಟ್ಟಿದೆ. ಸಂಬಳವಿಲ್ಲದ ರೈತನು ಏನು ಮಾಡಬೇಕು?

ಕಟ್ಟು ಇದ್ದದ್ದು ತಪ್ಪೆಂದು ನನಗೆ ಆಗಲೂ ತೋರಲಿಲ್ಲ, ಈಗಲೂ ತೋರುವುದಿಲ್ಲ. ನನ್ನನ್ನು ಏಳು ವರ್ಷಕ್ಕೆ ಕಟ್ಟಿದ್ದರು. ತಮ್ಮನ್ನು ನಲವತ್ತು ದಿನಕ್ಕೆ ಕಟ್ಟಿಕೊಂಡಿದ್ದರು. ತಪ್ಪು ಅಲ್ಲಿತ್ತು.

ಕಾನೂನು ಏನು ಹೇಳುತ್ತದೆ?

ವ್ಯಾಪಾರದಲ್ಲಿ ಪೈಪೋಟಿ ಉಳಿಯಲೆಂದು ನಮ್ಮ ದೇಶದಲ್ಲಿ 1969ರಲ್ಲೇ ಒಂದು ಕಾಯಿದೆ ಬಂದಿತ್ತು. ಲಾರಿ ಮಾಡುವ ಟಾಟಾ ಕಂಪೆನಿ ತನ್ನ ಏಜೆಂಟರು ಬೇರೆಯವರ ಲಾರಿ ಮಾರಬಾರದೆಂದು ಕರಾರು ಮಾಡಿದ್ದು ಆ ಕಾಯಿದೆಯ ಕೆಳಗೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇಂಥ ಕಟ್ಟು ತಾನೇ ತಾನಾಗಿ ತಪ್ಪಲ್ಲ, ಅದರಿಂದ ಪೈಪೋಟಿಗೆ ಏನಾಯಿತೆಂದು ನೋಡಬೇಕು ಎಂದು 1977ರಲ್ಲಿ ಕೋರ್ಟು ತೀರ್ಮಾನಿಸಿತು.

ಈಗ ಜಾರಿಯಲ್ಲಿರುವುದು 2002ರ ಸ್ಪರ್ಧಾ ಕಾಯಿದೆ. ಕರಾರುಗಳಿಗೆ ಸಂಬಂಧಿಸಿದ ಅದರ ಭಾಗ 2009ರ ಮೇ ತಿಂಗಳಿಂದ ನಡೆದುಬಂದಿದೆ. ಅದನ್ನು ನೋಡಿಕೊಳ್ಳುವುದು ದೆಹಲಿಯ ಭಾರತ ಸ್ಪರ್ಧಾ ಆಯೋಗ. ಕಾಯಿದೆಯ 3ನೆಯ ಕಲಮಿನ 4ನೆಯ ಉಪಕಲಮಿನಲ್ಲಿ ಸರಕು ಕೊಡುವವನು, ಕೊಳ್ಳುವವನು ಇವರ ನಡುವಣ ಕರಾರುಗಳ ಮಾತು ಬರುತ್ತದೆ. 2023ರ ತಿದ್ದುಪಡಿಯಿಂದ ಅದರ ವ್ಯಾಪ್ತಿ ಹಿರಿದಾಯಿತು. ಕೊಳ್ಳುವವನನ್ನು ಕಟ್ಟಿದರೂ ಮಾರುವವನನ್ನು ಕಟ್ಟಿದರೂ, ಸರಕಾಗಲಿ ಸೇವೆಯಾಗಲಿ, ಅದರೊಳಗೆ ಬರುತ್ತದೆ.

ಆದರೆ ಇಂಥ ಕರಾರು ಪೈಪೋಟಿಗೆ ಗಣನೀಯವಾದ ಕೆಡುಕು ಮಾಡಿದರೆ, ಅಥವಾ ಮಾಡುವಂತಿದ್ದರೆ ಮಾತ್ರ ಅಸಿಂಧು. ಅದನ್ನು ತೂಗಲು ಕಾಯಿದೆ ಆರು ಅಂಶ ಕೊಟ್ಟಿದೆ. ಹೊಸಬರು ಬರಲು ಅಡ್ಡಿಯಾಯಿತೇ? ಇದ್ದವರನ್ನು ಹೊರಗಟ್ಟಿತೇ? ಪೈಪೋಟಿಯ ಬಾಗಿಲು ಮುಚ್ಚಿತೇ? ಇವು ತಕ್ಕಡಿಯ ಒಂದು ತಟ್ಟೆ. ಬಳಕೆದಾರನಿಗೆ ಒಳಿತಾಯಿತೇ? ಉತ್ಪಾದನೆ, ಹಂಚಿಕೆ ಸುಧಾರಿಸಿತೇ? ವಿಜ್ಞಾನ, ಆರ್ಥಿಕ ಪ್ರಗತಿಗೆ ಇಂಬಾಯಿತೇ? ಇವು ಇನ್ನೊಂದು ತಟ್ಟೆ.

ಎರಡು ನಿದರ್ಶನ ನೋಡಿ. ಆಪಲ್ ಕಂಪೆನಿಯ ಫೋನನ್ನು ಎರಡೇ ಮೊಬೈಲ್ ಕಂಪೆನಿಗಳ ಮೂಲಕ ಮಾರಿದರೆಂಬ ದೂರು ಆಯೋಗಕ್ಕೆ ಬಂತು. ಕೊಳ್ಳುವವನಿಗೆ ಬೇರೆ ಫೋನು, ಬೇರೆ ಕಂಪೆನಿ ಬೇಕಾದಷ್ಟು ಇದ್ದುವು. 2013ರಲ್ಲಿ ಆಯೋಗವು ಇದರಲ್ಲಿ ತಪ್ಪಿಲ್ಲವೆಂದಿತು. ಇನ್ನೊಂದು ಕಾರಿನ ಬಿಡಿಭಾಗಗಳ ಮಾತು. ಕಂಪೆನಿಗಳು ಬಿಡಿಭಾಗವನ್ನು ತಮ್ಮ ಅಧಿಕೃತ ಅಂಗಡಿಯ ಹೊರಗೆ ಸಿಗದಂತೆ ಕರಾರು ಮಾಡಿಕೊಂಡಿದ್ದುವು. ಕಾರು ಕೊಂಡವನಿಗೆ ಬೇರೆ ದಾರಿಯಿರಲಿಲ್ಲ. ಊರಿನ ಮೆಕಾನಿಕ್ಕಿಗೆ ಕೆಲಸವಿರಲಿಲ್ಲ. 2014ರ ಆಗಸ್ಟಿನಲ್ಲಿ ಆಯೋಗವು 14 ಕಂಪೆನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಕಂಪೆನಿಗಳು ಮೇಲ್ಮನವಿಗೆ ಹೋದುವು.

ಎರಡರಲ್ಲಿಯೂ ಕಟ್ಟು ಇತ್ತು. ಮೊದಲನೆಯದರಲ್ಲಿ ಬೇರೆ ಬಾಗಿಲು ತೆರೆದಿತ್ತು, ಎರಡನೆಯದರಲ್ಲಿ ಮುಚ್ಚಿತ್ತು.

ನಮ್ಮ ಶೆಡ್ಡಿಗೆ ಈ ಅಳತೆ

ಈ ಅಳತೆಗೋಲನ್ನು ನಮ್ಮ ಶೆಡ್ಡಿನ ಬಾಗಿಲಿಗೆ ಹಿಡಿಯೋಣ. ತಮ್ಮ ಊರಿಗೆ ಮರಿ ಬಿಡುವ ಕಂಪೆನಿ ನಾಲ್ಕೈದು ಇದ್ದು, ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಹಿಡಿಯಬಹುದಾದರೆ, ಒಂದು ಕಂಪೆನಿಯ ಕಟ್ಟಿನಿಂದ ಪೈಪೋಟಿಗೆ ದೊಡ್ಡ ಕೆಡುಕಾಯಿತೆಂದು ತೋರಿಸುವುದು ಕಷ್ಟ. ಇರುವುದು ಒಬ್ಬರೇ ಆದರೆ, ಅಥವಾ ನಾಲ್ವರಿದ್ದೂ "ಅವರ ರೈತನನ್ನು ನಾವು ಮುಟ್ಟೆವು" ಎಂದು ಒಳಗೊಳಗೇ ಮಾತಾಡಿಕೊಂಡಿದ್ದರೆ, ಆಗ ವಿಷಯ ಬೇರೆ. ಪೈಪೋಟಿ ನಡೆಸಬೇಕಾದವರೇ ಕೂಡಿ ಮಾಡಿಕೊಳ್ಳುವ ಇಂಥ ಒಳಒಪ್ಪಂದವನ್ನು ಕಾಯಿದೆ ಹೆಚ್ಚು ಕಠಿಣವಾಗಿ ಕಾಣುತ್ತದೆ.

ಇದು ಬರಿಯ ಊಹೆಯ ಮಾತಲ್ಲ. ಅಮೆರಿಕದಲ್ಲಿ ಮಾಂಸದ ಕೋಳಿ ಬಹುಪಾಲು ಕರಾರಿನ ಮೇಲೆಯೇ ಬೆಳೆಯುವುದು. ಕಂಪೆನಿಗಳು ಒಬ್ಬರ ಸಾಕಣೆಗಾರನನ್ನು ಇನ್ನೊಬ್ಬರು ಕರೆಯದಂತೆ ಒಪ್ಪಂದ ಮಾಡಿಕೊಂಡು ಕೂಲಿಯನ್ನು ಅದುಮಿಟ್ಟಿವೆ ಎಂದು ಅಲ್ಲಿಯ ಸಾಕಣೆಗಾರರು 2017ರಲ್ಲಿ ಕೋರ್ಟಿಗೆ ಹೋದರು. ಕಂಪೆನಿಗಳು ತಪ್ಪು ಒಪ್ಪಿಕೊಳ್ಳಲಿಲ್ಲ. ಆದರೆ ರಾಜಿಗೆ ಬಂದುವು. 2021ರಲ್ಲಿ ಟೈಸನ್ ಕಂಪೆನಿ 2 ಕೋಟಿ 10 ಲಕ್ಷ ಡಾಲರು, 2024ರಲ್ಲಿ ಪಿಲ್ಗ್ರಿಮ್ಸ್ ಕಂಪೆನಿ 10 ಕೋಟಿ ಡಾಲರು ಕೊಡಲು ಒಪ್ಪಿದುವು. ಒಬ್ಬೊಬ್ಬರಾಗಿ ಹೋಗಿದ್ದರೆ ಆಗದ ಕೆಲಸ, ಕೂಡಿ ಹೋದುದರಿಂದ ಆಯಿತು.

ನಮ್ಮಲ್ಲಿಯೂ ಆಯೋಗಕ್ಕೆ ಯಾವ ವ್ಯಕ್ತಿಯಾದರೂ, ಸಂಘವಾದರೂ ಮಾಹಿತಿ ಕೊಡಬಹುದು. 2023ರ ತಿದ್ದುಪಡಿಯಂತೆ ಸಂಗತಿ ನಡೆದ ಮೂರು ವರ್ಷದೊಳಗೆ ಕೊಡುವುದು ಒಳ್ಳೆಯದು. ದಕ್ಷಿಣ ರಾಜ್ಯಗಳಿಗಾಗಿ 2021ರಲ್ಲಿ ಚೆನ್ನೈಯಲ್ಲಿ ಆಯೋಗದ ಪ್ರಾದೇಶಿಕ ಕಚೇರಿ ತೆರೆಯಿತು. ಆದರೆ ತೂಕದಲ್ಲಿ ಮೋಸ, ಕೂಲಿ ಬಾಕಿ, ಕೆಟ್ಟ ಮರಿ ಇಂಥ ಒಬ್ಬ ರೈತನ ತಕರಾರು ಆಯೋಗದ ಕೆಲಸವಲ್ಲ. ಅದಕ್ಕೆ ಬೇರೆ ದಾರಿ.

ಆ ದಾರಿಯನ್ನು ತಮಿಳುನಾಡು 2019ರಲ್ಲಿ ಮಾಡಿದೆ. ಕೃಷಿ ಉತ್ಪನ್ನ ಮತ್ತು ಜಾನುವಾರು ಒಪ್ಪಂದ ಕೃಷಿಯ ಆ ಕಾಯಿದೆಗೆ ಅದೇ ವರ್ಷ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕರಾರನ್ನು ಗೊತ್ತುಪಡಿಸಿದ ಅಧಿಕಾರಿಯ ಬಳಿ ನೋಂದಾಯಿಸುವುದಕ್ಕೂ ತಕರಾರನ್ನು ವಿಚಾರಿಸುವುದಕ್ಕೂ ಅದರಲ್ಲಿ ಏರ್ಪಾಡು ಇದೆ. ದೆಹಲಿಯಲ್ಲಿ 2020ರಲ್ಲಿ ಬಂದು 2021ರಲ್ಲಿ ರದ್ದಾದ ಕೃಷಿ ಕಾಯಿದೆಗಳೊಡನೆ ಇದನ್ನು ಬೆರೆಸಬಾರದು, ಇದು ಬೇರೆ. ಜಿಲ್ಲೆಯ ಕೃಷಿ ಮಾರಾಟ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು.

ಕಬ್ಬಿನ ಕಟ್ಟು ಕಲಿಸುವ ಪಾಠ

ಉಡುಮಲೈ ಕಡೆಯ ಹಿರಿಯರು ಕೃಷ್ಣಾಪುರದ ಅಮರಾವತಿ ಸಹಕಾರಿ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕಿದವರು. ಅಲ್ಲಿಯೂ ಕಟ್ಟು ಇತ್ತು. 1966ರ ಕಬ್ಬು ನಿಯಂತ್ರಣ ಆಜ್ಞೆಯ ಪ್ರಕಾರ ಒಂದು ಪ್ರದೇಶದ ಕಬ್ಬನ್ನು ಒಂದು ಕಾರ್ಖಾನೆಗೆ ಮೀಸಲಿಡಬಹುದಾಗಿತ್ತು. ಆದರೆ ಅದೇ ಆಜ್ಞೆ ಕಾರ್ಖಾನೆಯನ್ನೂ ಕಟ್ಟಿತು. ಕನಿಷ್ಠ ಬೆಲೆಯನ್ನು ಸರಕಾರ ಗೊತ್ತುಮಾಡುವುದು; 14 ದಿನದೊಳಗೆ ಹಣ ಕೊಡಬೇಕು; ತಡವಾದರೆ ನೂರಕ್ಕೆ ಹದಿನೈದರಂತೆ ಬಡ್ಡಿ. ಬಾಕಿಗಾಗಿ ರೈತರು ಅಲೆದದ್ದು ಉಂಟು, ನಿಜ. ಆದರೂ ಕೇಳಲು ಕೈಯಲ್ಲಿ ಒಂದು ಮಾತಿತ್ತು. ಕೋಳಿಯ ಕರಾರಿನಲ್ಲಿಯೂ ನಾವು ಕೇಳಬೇಕಾದದ್ದು ಇಂಥ ಎದುರು ಕಟ್ಟನ್ನೇ.

ರುಜುವಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಕರಾರಿನ ಅವಧಿ ಎಷ್ಟು? ಸಾಲ ಏಳು ವರ್ಷದ್ದಾದರೆ ವರ್ಷಕ್ಕೆ ಕನಿಷ್ಠ ಎಷ್ಟು ಬ್ಯಾಚು ಕೊಡುವರೆಂದು ಕಾಗದದಲ್ಲಿ ಇದೆಯೇ?

2. ಶೆಡ್ಡು ತಯಾರಾದ ಇಷ್ಟು ದಿನದೊಳಗೆ ಮರಿ ಬಾರದಿದ್ದರೆ ಖಾಲಿ ದಿನಕ್ಕೆ ಪರಿಹಾರವುಂಟೇ? ಇಲ್ಲವಾದರೆ ಬೇರೆಯವರ ಮರಿ ಬಿಡಲು ತಾನೇ ತಾನಾಗಿ ಬಿಡುಗಡೆ ಉಂಟೇ?

3. ಕೋಳಿಯನ್ನು ಯಾರ ತಕ್ಕಡಿಯಲ್ಲಿ, ಎಲ್ಲಿ, ಯಾರ ಎದುರಿಗೆ ತೂಗುವರು? ಇಳಿಸುವಾಗ ಫೀಡಿನ ಮೂಟೆಯನ್ನೂ ತೂಗಿ ನೋಡಬಹುದೇ?

4. ಕೂಲಿಯ ಲೆಕ್ಕದ ಸೂತ್ರ ಬರೆದಿದೆಯೇ? ಮರಿಯ ಅಥವಾ ಫೀಡಿನ ದೋಷದಿಂದ ತೂಕ ಇಳಿದರೆ ಕಡಿತ ಯಾರ ತಲೆಗೆ?

5. ಬಿಡುವುದು ಹೇಗೆ? ನಾವು ಎಷ್ಟು ದಿನ ಮುಂಚೆ ನೋಟೀಸು ಕೊಡಬೇಕೋ ಅವರೂ ಅಷ್ಟೇ ಕೊಡಬೇಕು. ಕರಾರು ಮುಗಿದ ಮೇಲೂ ಬೇರೆಯವರ ಕೆಲಸ ಮಾಡಬಾರದೆಂಬ ಷರತ್ತು 1872ರ ಕರಾರು ಕಾಯಿದೆಯ 27ನೆಯ ಕಲಮಿನ ಮುಂದೆ ನಿಲ್ಲುವುದು ಕಷ್ಟ. ಕರಾರು ನಡೆಯುತ್ತಿರುವಾಗಿನ ಕಟ್ಟನ್ನು ಮಾತ್ರ ಕೋರ್ಟುಗಳು ಸಾಮಾನ್ಯವಾಗಿ ಒಪ್ಪಿವೆ.

6. ಖಾಲಿ ಚೆಕ್ಕು, ಖಾಲಿ ಕಾಗದಕ್ಕೆ ರುಜು ಕೇಳುವರೇ? ಕೇಳಿದರೆ ಕೊಡಬೇಡಿ. ಕರಾರಿನ ಒಂದು ಪ್ರತಿ ತಮ್ಮ ಮನೆಯ ಪೆಟ್ಟಿಗೆಯಲ್ಲಿ ಇರಲೇಬೇಕು.

ಎಲ್ಲಕ್ಕಿಂತ ಮೊದಲು, ಶೆಡ್ಡಿನ ಕಲ್ಲು ಇಳಿಸುವ ಮುನ್ನ, ಹತ್ತು ಮೈಲಿಯ ಸುತ್ತಳತೆಯಲ್ಲಿ ಯಾರು ಯಾರು ಮರಿ ಬಿಡುತ್ತಾರೆ, ಒಬ್ಬರನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋದ ರೈತನು ಒಬ್ಬನಾದರೂ ಇದ್ದಾನೆಯೇ ಎಂದು ವಿಚಾರಿಸಿ. ಶೆಡ್ಡು ಕಟ್ಟುವ ಮುಂಚೆ ನಮ್ಮ ಮಾತಿಗೆ ಬೆಲೆಯುಂಟು. ಕಟ್ಟಿದ ಮೇಲೆ ಆ ಬೆಲೆ ಬಹಳ ಇಳಿದುಹೋಗುತ್ತದೆ.

ಕಾಗದ ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇದ್ದರೆ ಓದಬಲ್ಲವರಿಂದ ಮಾತು ಮಾತಿಗೂ ಅರ್ಥ ಕೇಳಿಕೊಳ್ಳಲು ಸಂಕೋಚ ಬೇಡ. ಒಂದೇ ಕಂಪೆನಿಗೆ ಸಾಕುವ ಊರಿನ ಹತ್ತು ಜನ ಕೂಡಿ ಕೇಳಿದರೆ ಇನ್ನೂ ಮೇಲು. ಒಬ್ಬನ ಶೆಡ್ಡು ಬಿಟ್ಟುಹೋಗುವುದು ಕಂಪೆನಿಗೆ ಸುಲಭ. ಹತ್ತು ಶೆಡ್ಡು ಬಿಟ್ಟುಹೋಗುವುದು ಅಷ್ಟು ಸುಲಭವಲ್ಲ.

ನನ್ನ ಶಿಷ್ಯ ಈ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದ. ಎಂಟು ದಿನ ಬಿಟ್ಟು ಬಂದು, "ಮೇಷ್ಟ್ರೇ, ಬಿಡುಗಡೆ ಮಾತು ಒಪ್ಪಿದರು. ನಲವತ್ತೈದು ದಿನ ಮರಿ ಬಾರದಿದ್ದರೆ ನಾನು ಬೇರೆಯವರನ್ನು ಕರೀಬಹುದು ಅಂತ ಬರೆದುಕೊಟ್ಟರು. ಬ್ಯಾಚಿನ ಲೆಕ್ಕ ಮಾತ್ರ ಬರೆಯೋಲ್ಲ ಅಂದರು" ಎಂದ.

"ಹಾಗಾದರೆ ಏನು ಮಾಡುತ್ತೀ?"

"ಹತ್ತು ಸಾವಿರದ ಶೆಡ್ಡು ಬೇಡ. ಮೂರು ಸಾವಿರದ್ದು ಕಟ್ಟುತೀನಿ. ವರ್ಷಕ್ಕೆ ನಾಲ್ಕೇ ಬ್ಯಾಚು ಬಂದರೂ ಕಂತು ತೀರಬೇಕು, ಅಷ್ಟು ಸಾಲ ಮಾತ್ರ."

ಮನೆಲೆಕ್ಕದಲ್ಲಿ ಸದಾ ತಪ್ಪು ಮಾಡುತ್ತಿದ್ದ ಹುಡುಗ. ಈ ಲೆಕ್ಕ ಮಾತ್ರ ಸರಿಯಾಗಿ ಮಾಡಿದ್ದ.